ಶ್ರಾವಣದ ಭಜನೆಗೆ ಕರೆಸಿದ ಮೇಳ ಹೇಗಿತ್ತು?

ಶ್ರಾವಣ ಸೋಮವಾರದ ಭಜನೆಗೆಂದು ಕುಂದಗೋಳ ಕಡೆಯ ಮೇಳವೊಂದನ್ನು ನಮ್ಮ ಹುಬ್ಬಳ್ಳಿಯ ಮನೆಗೆ ಕರೆಸಿದ್ದೆವು. ಹಾರ್ಮೋನಿಯಂ, ತಬಲಾ, ಏಕತಾರಿ, ತಾಳ, ಇಷ್ಟೇ ವಾದ್ಯ. ಊಟ ಮುಗಿಸಿ ಕುಳಿತವರು ಬೆಳಗಿನ ಜಾವದವರೆಗೂ ಹಾಡಿದರು. ಶಿಶುನಾಳ ಶರೀಫರ (1819–1889) ತತ್ವಪದಗಳನ್ನು, ಅಂದರೆ ಅಧ್ಯಾತ್ಮದ ಅರಿವನ್ನು ಹೇಳುವ ಹಾಡುಗಳನ್ನು, ಅರ್ಥದ ಸಮೇತ ಕೇಳಬೇಕೆನ್ನುವವರು ಇಂಥ ಮೇಳವನ್ನೇ ಕರೆಸಬೇಕು.

‘ಕೋಡಗನ ಕೋಳಿ ನುಂಗಿತ್ತ’ ಪದವನ್ನು ವೇದಿಕೆಗಳಲ್ಲಿ ಕುಣಿತದ ಹಾಡಾಗಿ ಹಾಡಿ ಮುಗಿಸುವುದನ್ನು ಬೇಕಾದಷ್ಟು ಕೇಳಿದ್ದೇನೆ. ಮೇಳದ ಹಿರಿಯರು ಹಾಗೆ ಮಾಡಲಿಲ್ಲ. ಆಡು ಆನೆಯನ್ನು, ಗೋಡೆ ಸುಣ್ಣವನ್ನು ನುಂಗುವಾಗ ಮಕ್ಕಳು ಮನಸಾರೆ ನಗಲಿ ಎಂದು ಸೊಲ್ಲನ್ನು (ಪಲ್ಲವಿಯನ್ನು) ಮತ್ತೆ ಮತ್ತೆ ಹೇಳಿಸಿದರು. ಕೊನೆಯ ನುಡಿಗೆ ಲಯ ಇಳಿಸಿದರು. ಅಲ್ಲಿ ಗೋವಿಂದ ಗುರುವಿನ ಪಾದ ಹಾಡುವವನನ್ನೇ ನುಂಗುತ್ತದೆ. ಅಲ್ಲಿಯವರೆಗೆ ನುಂಗಿಹೋದದ್ದೆಲ್ಲ ಹೊರಗಿನದು. ಈಗ ‘ನಾನು’ ಎಂಬುದೇ ಹೋಯಿತು. ಆ ತಲೆಕೆಳಗಾದ ಸಾಲುಗಳೆಲ್ಲ ಈ ಒಂದು ಸಾಲಿಗಾಗಿಯೇ ಕಾದಿದ್ದವು ಎಂದು ನನಗೆ ಅಂದು ಹೊಳೆಯಿತು. ಗೋವಿಂದ ಯಾರು ಎಂದು ಮಗ ಕೇಳಿದ. ಕಳಸದ ಗೋವಿಂದ ಭಟ್ಟರು, ಶರೀಫ ಎಂಬ ಮುಸಲ್ಮಾನ ಹುಡುಗನನ್ನು ಶಿಷ್ಯನಾಗಿ ಅಪ್ಪಿಕೊಂಡ ಬ್ರಾಹ್ಮಣರು ಎಂದು ಹೇಳಿ ಹಿರಿಯರು ಮುಂದಿನ ಪದ ಎತ್ತಿಕೊಂಡರು.

ಅದು ‘ಸೋರುತಿಹುದು ಮನೆಯ ಮಾಳಿಗೆ’. ‘ಅಜ್ಞಾನದಿಂದ’ ಎಂಬಲ್ಲಿ ಹಾರ್ಮೋನಿಯಂ ನಿಲ್ಲಿಸಿ, ಬರೀ ತಾಳದ ಮೇಲೆ ಹಾಡಿದರು. ನಮ್ಮ ಅವ್ವ ಮಣ್ಣಿನ ಮಾಳಿಗೆಯ ಮನೆಯಲ್ಲಿ ಬೆಳೆದವರು. ಸುರಿವ ಮಳೆಯಲ್ಲಿ, ಕತ್ತಲಲ್ಲಿ ಮೇಲೆ ಹತ್ತಿ ಸೋರುವ ಜಾಗ ಹುಡುಕುವ ಕಷ್ಟ ಅವರಿಗೆ ಗೊತ್ತು. ಮನೆ ಎಂದರೆ ಈ ದೇಹ, ಕತ್ತಲೆ ಎಂದರೆ ಅರಿವಿಲ್ಲದ ಸ್ಥಿತಿ ಎಂದು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ; ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಲೇ ಸೊಲ್ಲು ಹೇಳಿದರು.

ಒಂದು ಕೊರತೆಯನ್ನು ಹೇಳಲೇಬೇಕು. ಮೇಳದ ಯುವಕರೊಬ್ಬರು ನಡುವೆ ಸಿನಿಮಾ ಧಾಟಿಯಲ್ಲಿ ದೇವರ ಹಾಡು ಹಾಡಿದರು. ಕಿವಿಯಲ್ಲಿ ಧಾಟಿ ಉಳಿಯಿತೇ ಹೊರತು ಒಂದು ಮಾತೂ ಉಳಿಯಲಿಲ್ಲ. ಅದು ಬೇಡವೆಂದು ಮೊದಲೇ ತಿಳಿಸಿ. ಮೈಕ್ ಸಹ ಬೇಡ. ಜಮಖಾನ ಹಾಸಿ ಎದುರಿಗೇ ಕುಳಿತುಕೊಳ್ಳಿ, ಪ್ರತಿ ನುಡಿಯ ನಂತರ ಸೊಲ್ಲಿಗೆ ನೀವೂ ದನಿಗೂಡಿಸಿ. ತತ್ವಪದ ದಕ್ಕುವುದು ಹಾಗೆಯೇ.

ಸಂಭಾವನೆ ಇಷ್ಟೇ ಎಂದು ಅವರು ಬಾಯಿಬಿಟ್ಟು ಕೇಳುವುದಿಲ್ಲ. ಬಸ್ ಖರ್ಚು ಸೇರಿಸಿ ಕೈತುಂಬ ಕೊಡಿ. ಎಲ್ಲರೂ ಹೊಲದಲ್ಲಿ ದುಡಿಯುವವರಾದ್ದರಿಂದ ಬಿತ್ತನೆಯ ದಿನಗಳಲ್ಲಿ ಸಿಗುವುದು ಕಷ್ಟ. ಶ್ರಾವಣಕ್ಕೆ ಬೇಕಿದ್ದರೆ ಕಾರಹುಣ್ಣಿಮೆಯ ಹೊತ್ತಿಗೇ ಹೇಳಿಡಿ.