ಕರಾವಳಿಯ ಸೆಕೆಗೆ ಯಾವ ಆರ್ಕಿಡ್? ನನ್ನ ವೋಟು ಡೆಂಡ್ರೋಬಿಯಂಗೆ

ಮಂಗಳೂರಿನ ಸೆಕೆಯಲ್ಲಿ ಆರ್ಕಿಡ್ ಸಾಕಬೇಕು ಅನ್ನುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಡೆಂಡ್ರೋಬಿಯಂ ತಗೊಳ್ಳಿ. ನಮ್ಮ ಸಿಟೌಟಿನಲ್ಲಿ ಫೆಲನಾಪ್ಸಿಸ್, ವಾಂಡಾ ಎರಡನ್ನೂ ಅದರ ಪಕ್ಕದಲ್ಲೇ ಇಟ್ಟು ನೋಡಿಯಾಗಿದೆ.

ಚಂದದಲ್ಲಿ ಫೆಲನಾಪ್ಸಿಸ್‌ಗೇ ಮೊದಲ ಸ್ಥಾನ, ಎರಡು ಮಾತಿಲ್ಲ. ನರ್ಸರಿಯಿಂದ ಬರುವಾಗ ಇದ್ದ ಹೂ ಎರಡು ತಿಂಗಳಿಗೂ ಜಾಸ್ತಿ ನಿಂತಿತ್ತು. ತಕರಾರು ಶುರುವಾದದ್ದು ಆಮೇಲೆ. ಎಲೆ ದಪ್ಪ, ಬೇರು ಗಟ್ಟಿ, ಗಿಡಕ್ಕೆ ಒಂದು ರೋಗವಿಲ್ಲ. ಹೂ ಮಾತ್ರ ಇಲ್ಲ! ಎಲೆಯ ಬುಡದಲ್ಲಿ ಹಸಿರು ಮೊಳಕೆ ಇಣುಕಿದಾಗಲೆಲ್ಲ ಮನೆಯವರನ್ನು ಕರೆದು ತೋರಿಸುತ್ತಿದ್ದೆ. ಕೆಲವು ದಿನ ಕಳೆದರೆ ಅದು ಬೇರು. ಹೂದಂಟಾದರೆ ತುದಿ ಚಪ್ಪಟೆ, ಒಂದು ಕಡೆಗೆ ಚೂಪು. ಬೇರಿನ ತುದಿ ಉರುಟು, ನುಣುಪು. ಈಗ ಕಂಡ ಕೂಡಲೇ ಗೊತ್ತಾಗುತ್ತದೆ, ಕರೆಯುವುದಿಲ್ಲ.

ಮಾರಿದವರನ್ನು ಕೇಳಿದರೆ ಇನ್ನೊಂದು ಬಾಟಲಿ ಟಾನಿಕ್ ಹಾಕಿ ಅಂದರು. ಟಾನಿಕ್ ಏನು ಮಾಡೀತು? ಈ ಗಿಡ ಹೂದಂಟು ಬಿಡಬೇಕಾದರೆ ಕೆಲವು ವಾರ 25 ಡಿಗ್ರಿ ಆಸುಪಾಸಿನ ತಂಪು ಬೇಕು. 28 ದಾಟಿಯೇ ಇದ್ದರೆ ಸುಮ್ನೆ ಎಲೆ ಬಿಡುತ್ತಾ ಕೂರುತ್ತದೆ. ನಮ್ಮಲ್ಲಿ ಜನವರಿ ರಾತ್ರಿ ಒಂದಿಷ್ಟು ತಂಪಾದರೂ ಹಗಲು 30ರ ಮೇಲೆಯೇ. ಬೆಂಗಳೂರಲ್ಲಿ ತಂಗಿಯ ಮನೆಯ ಗಿಡ ಚಳಿಗಾಲ ಬಂತೆಂದರೆ ತಾನಾಗಿ ದಂಟು ಬಿಡುತ್ತದೆ. ಎಸಿ ರೂಮಿನಲ್ಲಿಡಿ ಅನ್ನುವವರೂ ಇದ್ದಾರೆ. ಹೂವಿಗೆ ಅಂತ ಕರೆಂಟ್ ಬಿಲ್ ಕಟ್ಟುವಷ್ಟು ಶೋಕಿ ನನಗಿಲ್ಲಪ್ಪ.

ವಾಂಡಾಕ್ಕೆ ಸೆಕೆ ಇಷ್ಟವೇ. ಮಣ್ಣು ಬೇಡ, ಕುಂಡ ಬೇಡ, ಬೇರು ಗಾಳಿಯಲ್ಲೇ ನೇತಾಡುತ್ತದೆ. ನೀರು ಚಿಮುಕಿಸಿದರೆ ಬೆಳ್ಳಗಿದ್ದ ಬೇರು ಕಣ್ಣೆದುರೇ ಹಸಿರಾಗುತ್ತದೆ. ಆದರೆ ಬೇಸಿಗೆಯಲ್ಲಿ ಇದು ದಿನಾ ಆಗಬೇಕು, ಕೆಲವೊಮ್ಮೆ ಎರಡು ಹೊತ್ತು. ಮದುವೆ ಅಂತ ನಾಲ್ಕು ದಿನ ಊರಿಗೆ ಹೊರಟರೆ ಪಕ್ಕದ ಮನೆಯವರ ಕೈಕಾಲು ಹಿಡಿಯಬೇಕು.

ಡೆಂಡ್ರೋಬಿಯಂನಲ್ಲಿ ನನ್ನದು ಸೋನಿಯಾ. ಮದುವೆ ಸ್ಟೇಜಿನ ಅಲಂಕಾರದಲ್ಲಿ ಕಾಣುವ ನೇರಳೆ-ಬಿಳಿ ಹೂ ಇದೆಯಲ್ಲ, ಅದೇ. ಕುಂಡಕ್ಕೆ ಇದ್ದಿಲು, ಒಡೆದ ಹಂಚಿನ ಚೂರು, ಮೇಲೆ ಸ್ವಲ್ಪ ತೆಂಗಿನ ಸಿಪ್ಪೆ. ಸಿಪ್ಪೆ ಜಾಸ್ತಿಯಾದರೆ ಮಳೆಗಾಲದಲ್ಲಿ ನೀರು ಹಿಡಿದು ಬೇರು ಕೊಳೆಯುತ್ತದೆ. ಬೆಳಗಿನ ಬಿಸಿಲು ಬೀಳಬೇಕು, ವಾರಕ್ಕೊಮ್ಮೆ ಲೀಟರ್ ನೀರಿಗೆ ಅರ್ಧ ಗ್ರಾಂ 19:19:19 ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಶ್ ಮೂರೂ ಸಮ ಇರುವುದು). ಎಲೆ ಉದುರಿದ ಹಳೇ ಕಾಂಡ ನೋಡಲು ಚಂದವಿಲ್ಲ ಅಂತ ಕತ್ತರಿಸಬೇಡಿ. ಗಿಡದ ನೀರು, ಆಹಾರದ ದಾಸ್ತಾನು ಅಲ್ಲೇ ಇರುತ್ತದೆ, ಎಷ್ಟೋ ಸಲ ಅದರ ತುದಿಯಲ್ಲೇ ಮತ್ತೆ ಹೂ ಬರುತ್ತದೆ. ಮಳೆಗಾಲದ ರಾತ್ರಿ ಬಸವನಹುಳು ಬಂದು ಎಳೇ ಬೇರಿನ ತುದಿ ತಿನ್ನುತ್ತದೆ. ಟಾರ್ಚ್ ಹಿಡಿದು ಹೆಕ್ಕಬೇಕು, ಬೇರೆ ದಾರಿಯಿಲ್ಲ.

ಒಂದು ಫೆಲನಾಪ್ಸಿಸ್‌ನ ದುಡ್ಡಿಗೆ ನನಗೆ ಎರಡು ಡೆಂಡ್ರೋಬಿಯಂ ಸಿಕ್ಕಿತು. ನಾಲ್ಕು ದಿನ ನೀರು ತಪ್ಪಿದರೂ ಅವು ಮುನಿಸಿಕೊಳ್ಳುವುದಿಲ್ಲ. ಫೆಲನಾಪ್ಸಿಸ್ ಮುಂದಿನ ಸಲ ಬೆಂಗಳೂರಿಗೆ ಹೋಗುವಾಗ ತಂಗಿಯ ಪಾಲಿಗೆ.