‘ಸ್ಕೂಲ್ಸ್ ಔಟ್’ ಮೊದಲ ಪ್ರೆಸ್ಸಿಂಗ್ ಅಂದರೆ ನಂಬಬೇಡಿ, ಮೊದಲು ಲೇಬಲ್ ನೋಡಿ

ಅಮೆರಿಕದ ರಾಕ್ ತಂಡ ಆಲಿಸ್ ಕೂಪರ್‌ನ ಹಳೇ ಎಲ್‌ಪಿ ರೆಕಾರ್ಡು ಹುಡುಕುತ್ತಿರುವವರು ದಯವಿಟ್ಟು ಓದಿ. ಅಮೆರಿಕದ ಒಬ್ಬ ಮಾರಾಟಗಾರನಿಂದ ಅವರ ‘ಸ್ಕೂಲ್ಸ್ ಔಟ್’ ಆಲ್ಬಂ ತರಿಸಿದೆ. ‘1972ರ ಮೊದಲ ಪ್ರೆಸ್ಸಿಂಗ್ (ಆಲ್ಬಂ ಬಂದಾಗ ಮೊದಲು ಅಚ್ಚು ಹಾಕಿದ ಪ್ರತಿ), ಒಳಗಿನದ್ದೆಲ್ಲ ಇದೆ’ ಅಂತ ಬರೆದಿದ್ದ. ಲೇಬಲ್, ಅಂದರೆ ರೆಕಾರ್ಡಿನ ನಡುವಿನ ದುಂಡು ಕಾಗದ, ಅದರ ಫೋಟೊ ಕೇಳಿದರೆ ಆಗಿನ ಹಸಿರು ಲೇಬಲ್ ತೋರಿಸಿದ. ಮನೆಗೆ ಬಂದ ರೆಕಾರ್ಡಿನ ಮೇಲೆ ಇದ್ದದ್ದು ಪಾಮ್ ಮರಗಳ ಸಾಲಿನ ರಸ್ತೆಯ ಚಿತ್ರ! ರೆಕಾರ್ಡ್ ಕಂಪನಿ ವಾರ್ನರ್ ಬ್ರದರ್ಸ್ ಆ ಲೇಬಲ್ ಹಾಕೋಕೆ ಶುರು ಮಾಡಿದ್ದೇ 1973ರಲ್ಲಿ. ಅಂದರೆ ಫೋಟೊದಲ್ಲಿದ್ದದ್ದು ಬೇರೆ ಯಾವುದೋ ಪ್ರತಿ.

ಈ ಎಲ್‌ಪಿಗೆ ಬೆಲೆ ಬರುವುದು ಬರೀ ಹಾಡಿನಿಂದ ಅಲ್ಲ. ವೇದಿಕೆಗೆ ಗಿಲೊಟಿನ್, ಹೆಬ್ಬಾವು ತರುತ್ತಿದ್ದ ತಂಡ ಕವರಿನಲ್ಲೂ ನಾಟಕ ಆಡುತ್ತಿತ್ತು. ಇದರ ಕವರ್ ಶಾಲೆಯ ಮರದ ಡೆಸ್ಕು. ಮುಚ್ಚಳ ಎತ್ತಬಹುದು, ಮಡಚಿದ ಕಾಲು ಬಿಡಿಸಿ ನಿಲ್ಲಿಸಬಹುದು. ಒಳಗೆ ರೆಕಾರ್ಡಿಗೆ ಹೆಂಗಸರ ಒಳಚಡ್ಡಿ ತೊಡಿಸಿದ್ದರು, ಕಾಗದದ್ದು. ಬೇಗ ಬೆಂಕಿ ಹತ್ತುತ್ತದೆ ಅಂತ ತಕರಾರು ಬಂದು ಅದನ್ನು ನಿಲ್ಲಿಸಬೇಕಾಯಿತು. ಅಸಲಿ ಚಡ್ಡಿ ಇರುವ ಪ್ರತಿಗೆ ಅದಕ್ಕೇ ಬೆಲೆ ಜಾಸ್ತಿ, ಮೋಸ ನಡೆಯುವುದೂ ಅಲ್ಲೇ.

ನನಗೆ ಬಂದ ಚಡ್ಡಿ ಹಪ್ಪಳದ ಹಾಗೆ ಗರಿಗರಿ. ಇಷ್ಟು ವರ್ಷ ರೆಕಾರ್ಡಿಗೆ ಅಂಟಿಕೊಂಡೇ ಇದ್ದ ಕಾಗದದ ಮೇಲೆ ಅದರ ಅಂಚಿನ ಅಚ್ಚಾದರೂ ಬೀಳಬೇಕು ಅಲ್ವಾ? ಒಂದು ಗೆರೆಯೂ ಇರಲಿಲ್ಲ. ಡೆಸ್ಕಿನ ಒಂದು ಕಾಲು ಕಿತ್ತುಹೋಗಿತ್ತು, ಹಿಂದಿನಿಂದ ಟೇಪ್ ಹಚ್ಚಿದ್ದ.

ಕೇಳಿದ್ದಕ್ಕೆ ‘ಹಳೇ ಮಾಲು, ವಾಪಸ್ ಇಲ್ಲ’ ಅಂದ. ಹಣ ಪಾವತಿಸಿದ ಕಂಪನಿಗೆ ದೂರು ಕೊಟ್ಟು, ಎರಡೂ ಲೇಬಲ್ ಫೋಟೊ ಪಕ್ಕಪಕ್ಕ ಇಟ್ಟು ತೋರಿಸಿದ ಮೇಲೆ ರೆಕಾರ್ಡಿನ ದುಡ್ಡು ಬಂತು. ಅಂಚೆ ಖರ್ಚು, ಕಸ್ಟಮ್ಸ್ ಕಟ್ಟಿದ್ದು ಹೋಯಿತು. ಇನ್ನೂ ಸಿಟ್ಟು ಇಳಿದಿಲ್ಲ.

ಕೊಳ್ಳುವ ಮೊದಲು ಮಾರುವವನಿಂದ ಚೀಟಿಯಲ್ಲಿ ನಿಮ್ಮ ಹೆಸರು, ಆವತ್ತಿನ ತಾರೀಖು ಬರೆಸಿ. ಅದನ್ನು ಲೇಬಲ್ ಪಕ್ಕ ಇಟ್ಟು ಎರಡೂ ಬದಿಯ ಫೋಟೊ ಕೇಳಿ. ಹಾಡು ಮುಗಿದ ಮೇಲೆ ಲೇಬಲ್ ಸುತ್ತ ಉಳಿಯುವ ಖಾಲಿ ಜಾಗದಲ್ಲಿ ಗೀಚಿದ ನಂಬರೂ ಕಾಣಬೇಕು, ಯಾವ ಪ್ರೆಸ್ಸಿಂಗ್ ಅಂತ ಪತ್ತೆ ಹಚ್ಚಲು. ಇದೇ ತಂಡದ 1973ರ ‘ಬಿಲಿಯನ್ ಡಾಲರ್ ಬೇಬೀಸ್’ ಕೊಳ್ಳುವುದಾದರೆ ಹಾವಿನ ಚರ್ಮದ ಪರ್ಸಿನಂಥ ಕವರ್ ಒಂದನ್ನೇ ನೋಡಿ ಮರುಳಾಗಬೇಡಿ. ಒಳಗಿನ ದೊಡ್ಡ ನೋಟು, ಹರಿದು ತೆಗೆಯುವ ಫೋಟೊ ಕಾರ್ಡುಗಳು ಇವೆಯಾ ಅಂತ ಕೇಳಿ. ಇವು ಕಳೆದುಹೋದ ಪ್ರತಿಗಳೇ ಜಾಸ್ತಿ ಸಿಗುತ್ತವೆ.

ನನಗೆ ಮಾರಿದ ಅದೇ ಮನುಷ್ಯ ಈಗ ಇವರದೇ 1971ರ ‘ಕಿಲ್ಲರ್’ ಮಾರಾಟಕ್ಕಿಟ್ಟಿದ್ದಾನೆ, ಅದರ ಜೊತೆ ಬರುತ್ತಿದ್ದ 1972ರ ಕ್ಯಾಲೆಂಡರ್ ಸಮೇತ ಅಂತ. ಯಾರೇ ಮಾರಲಿ, ಕ್ಯಾಲೆಂಡರ್ ಪೂರ್ತಿ ಬಿಡಿಸಿಟ್ಟ ಫೋಟೊ ಕೊಡದಿದ್ದರೆ ಸುಮ್ನೆ ಬಿಟ್ಟುಬಿಡಿ.