ಸೆಮಿನಾರ್‌ಗೆ ಯಾವ ಜೋಡಿ: ಭಾರತ-ಭೂತಾನ್ ಅಥವಾ ಫ್ರಾನ್ಸ್-ಜರ್ಮನಿ?

ನೆರೆದೇಶಗಳ ಸ್ನೇಹದ ಬಗ್ಗೆ ಸೆಮಿನಾರ್ ಕೊಡೋರಿಗೆ ಇವೆರಡೂ ಒಳ್ಳೆ ಟಾಪಿಕ್ಕೇ, ಆದ್ರೆ ಎರಡರ ದಾರಿ ಬೇರೆ ಬೇರೆ.

ಭಾರತ-ಭೂತಾನ್‌ದು ಮೊದಲಿಂದಲೂ ಜಗಳ ಇಲ್ದೆ ಬಂದಿರೋ ನಂಟು. 1949ರ ಒಪ್ಪಂದದಲ್ಲಿ ಭೂತಾನ್ ವಿದೇಶಾಂಗ ವಿಷಯಕ್ಕೆ ಭಾರತದ ಸಲಹೆಯಂತೆ ನಡೀಬೇಕು ಅಂತಿತ್ತು, 2007ರ ಹೊಸ ಒಪ್ಪಂದದಲ್ಲಿ ಅದನ್ನ ತೆಗೆದ್ರು, ಇದು ನಂಗೆ ತುಂಬಾ ಇಷ್ಟ ಆಗೋ ವಿಷ್ಯ, ದೊಡ್ಡ ದೇಶ ತಾನಾಗೇ ಹಿಡಿತ ಸಡಿಲಿಸೋದು ಅಪರೂಪ ಅಲ್ವಾ. 1958ರಲ್ಲಿ ನೆಹರು ಸಿಕ್ಕಿಂನ ನಾಥೂ ಲಾ ಕಣಿವೆದಾರಿ ದಾಟಿ, ಟಿಬೆಟ್‌ನ ಚುಂಬಿ ಕಣಿವೆ ಮೂಲಕ ಕುದುರೆ ಮೇಲೆ, ನಡ್ಕೊಂಡು ಭೂತಾನ್‌ನ ಪಾರೋಗೆ ಹೋಗಿದ್ರು, ಆಗ ಭೂತಾನ್‌ಗೆ ಮೋಟಾರು ರಸ್ತೆನೇ ಇರ್ಲಿಲ್ಲ! ಭೂತಾನ್‌ನ ಚುಖಾ ಜಲವಿದ್ಯುತ್ ಯೋಜನೆಗೆ ದುಡ್ಡು ಭಾರತದ್ದು, ಅಲ್ಲಿ ಮಿಕ್ಕಿದ ಕರೆಂಟ್ ಕೊಳ್ಳೋದೂ ಭಾರತವೇ.

ಫ್ರಾನ್ಸ್-ಜರ್ಮನಿ ಕಥೆ ಹಂಗಲ್ಲ, ಮೂರು ಯುದ್ಧ ಆದ್ಮೇಲೆ ಕಟ್ಟಿದ ಸ್ನೇಹ. 1963ರಲ್ಲಿ ಫ್ರಾನ್ಸ್ ಅಧ್ಯಕ್ಷ ಡಿ ಗಾಲ್, ಪಶ್ಚಿಮ ಜರ್ಮನಿ ಚಾನ್ಸಲರ್ ಅಡೆನಾವರ್ ಎಲಿಸೀ ಅನ್ನೋ ಸ್ನೇಹ ಒಪ್ಪಂದಕ್ಕೆ ಸಹಿ ಹಾಕಿದ್ರು. 1984ರಲ್ಲಿ ಮೊದಲ ಮಹಾಯುದ್ಧದ ರಣಭೂಮಿ ವೆರ್ಡನ್‌ನಲ್ಲಿ ಆಗಿನ ಫ್ರಾನ್ಸ್ ಅಧ್ಯಕ್ಷ ಮಿತ್ತೆರಾಂ, ಪಶ್ಚಿಮ ಜರ್ಮನಿ ಚಾನ್ಸಲರ್ ಕೋಲ್ ಕೈ ಕೈ ಹಿಡ್ಕೊಂಡು ಮೌನವಾಗಿ ನಿಂತ್ರಲ್ಲ, ಆ ಫೋಟೋ ನೋಡಿದ್ರೆ ಈಗ್ಲೂ ಗಂಟಲು ಕಟ್ಟುತ್ತೆ.

ನಾಯಕರ ಪಾತ್ರ ತೋರಿಸ್ಬೇಕಂದ್ರೆ ಫ್ರಾನ್ಸ್-ಜರ್ಮನಿ ತಗೊಳ್ಳಿ. ದೊಡ್ಡ-ಚಿಕ್ಕ ದೇಶಗಳ ಸಮತೋಲನ ನಿಮ್ಮ ವಿಷ್ಯ ಆದ್ರೆ ಭೂತಾನೇ ಸರಿ, 1949 ಮತ್ತು 2007ರ ಒಪ್ಪಂದಗಳಲ್ಲಿ ಆ ವಿದೇಶಾಂಗ ವಿಷಯದ ಎರಡನೇ ವಿಧಿ ಪಕ್ಕಪಕ್ಕ ಇಟ್ಟು ಓದಿ, ಅರ್ಧ ಸೆಮಿನಾರ್ ಅಲ್ಲೇ ಸಿಗುತ್ತೆ.